ಗಾಜಿನ ಪೆಟ್ಟಿಗೆಯೊಳಗೆ ಮಳೆಕಾಡು ಕಟ್ಟಿದ ವೈದ್ಯ

ಬೆಂಗಳೂರಿನ ಅಪಾರ್ಟ್‌ಮೆಂಟುಗಳ ಪಡಸಾಲೆಯಲ್ಲಿ ಇಂದು ಗಾಜಿನ ತೊಟ್ಟಿಯೊಳಗೆ ಹೂಜಿ ಗಿಡ ಬೆಳೆಸುವ ಹವ್ಯಾಸಿಗಳಿದ್ದಾರೆ. ಬೋರ್ನಿಯೊ, ಸುಮಾತ್ರಾಗಳ ಮಳೆಕಾಡಿನ ಈ ಕೀಟಾಹಾರಿ ಸಸ್ಯ ಒಣಗಾಳಿ ಸೋಕಿದರೆ ಹೂಜಿ ಬಿಡುವುದನ್ನೇ ನಿಲ್ಲಿಸುತ್ತದೆ. ಅದನ್ನು ನಗರದ ಕೋಣೆಯೊಂದರಲ್ಲಿ ಬದುಕಿಸುವ ಟೆರೇರಿಯಂ ಎಂಬ ಗಾಜಿನ ಪೆಟ್ಟಿಗೆಯ ಮೂಲವನ್ನು ಹುಡುಕುತ್ತಾ ಹೋದರೆ ಸುಮಾರು 200 ವರ್ಷಗಳ ಹಿಂದಿನ ಲಂಡನ್ನಿನ ಹೊಗೆ ತುಂಬಿದ ಬಡಾವಣೆಯೊಂದಕ್ಕೆ, ಅಲ್ಲಿ ಬಡವರ ನಾಡಿ ಹಿಡಿಯುತ್ತಿದ್ದ ಒಬ್ಬ ವೈದ್ಯನ ಮನೆಗೆ ತಲುಪುತ್ತೇವೆ.

ಆತನ ಹೆಸರು ನಥಾನಿಯಲ್ ಬ್ಯಾಗ್‌ಶಾ ವಾರ್ಡ್. ಆತ ರೂಪಿಸಿದ ಪೆಟ್ಟಿಗೆ ಚಹಾ, ಸಿಂಕೋನಾ, ರಬ್ಬರ್ ಮತ್ತು ಬಾಳೆಯನ್ನು ಸಮುದ್ರ ದಾಟಿಸಿತು. ಸಾಮ್ರಾಜ್ಯಗಳ ಬೊಕ್ಕಸವನ್ನು ತುಂಬಿಸಿತು. ಆದರೆ ಅದನ್ನು ರೂಪಿಸಿದವನ ಮನಸ್ಸಿನಲ್ಲಿ ಇದ್ದದ್ದು ಬೇರೆಯೇ ಒಂದು ಆಸೆ.

ಜಮೈಕಾದ ಹಸಿರು

ವಾರ್ಡ್ ಹುಟ್ಟಿದ್ದು 1791ರಲ್ಲಿ, ಲಂಡನ್ನಿನಲ್ಲಿ. ತಂದೆ ಸ್ಟೀಫನ್ ಸ್ಮಿತ್ ವಾರ್ಡ್ ವೈದ್ಯ. ಬಾಲಕನಿಗೆ ಮೊದಲು ಕಾಡಿದ್ದು ಸಮುದ್ರದ ಸೆಳೆತ. ಹದಿಮೂರನೆಯ ವಯಸ್ಸಿನಲ್ಲಿ ಆತನನ್ನು ಜಮೈಕಾಗೆ ಹೊರಟ ಹಡಗಿನಲ್ಲಿ ಕಳುಹಿಸಲಾಯಿತು. ಆ ಪಯಣದ ನಂತರ ನಾವಿಕನಾಗುವ ಹಂಬಲ ಇಳಿದುಹೋಯಿತು. ಅದರ ಜಾಗದಲ್ಲಿ ಉಷ್ಣವಲಯದ ತಾಳೆಗಳು, ಜರೀಗಿಡಗಳು ಮತ್ತು ಮರದ ಕೊಂಬೆಗಳನ್ನೇ ಮನೆಮಾಡಿಕೊಂಡ ಸಸ್ಯಗಳು ನೆಲೆಸಿದವು. ಮುಂದೆ ಬದುಕಿನುದ್ದಕ್ಕೂ ಆತನನ್ನು ಬಿಡದೆ ಹಿಡಿದದ್ದು ಸಸ್ಯಗಳ ಗೀಳು.

ಆದರೆ ಹೊಟ್ಟೆಪಾಡಿಗೆ ತಂದೆಯ ದಾರಿಯನ್ನೇ ಹಿಡಿಯಬೇಕಾಯಿತು. ಲಂಡನ್ ಆಸ್ಪತ್ರೆಯಲ್ಲಿ ವೈದ್ಯವಿದ್ಯೆ ಕಲಿತು, ನಗರದ ಪೂರ್ವಭಾಗದ ವೆಲ್‌ಕ್ಲೋಸ್ ಚೌಕದಲ್ಲಿ ವೃತ್ತಿ ನಡೆಸಿದ. ಆ ಕಾಲದಲ್ಲಿ ಔಷಧದ ಬಹುಪಾಲು ಗಿಡಮೂಲಿಕೆಗಳಿಂದಲೇ ಬರುತ್ತಿದ್ದುದರಿಂದ ವೈದ್ಯನಾದವನಿಗೆ ಸಸ್ಯಶಾಸ್ತ್ರದ ತಿಳಿವಳಿಕೆ ಅಗತ್ಯವಾಗಿತ್ತು. ಔಷಧಗಾರರ ಸಂಘಕ್ಕೆ ಸೇರಿದ ಚೆಲ್ಸಿ ಔಷಧೀಯ ಉದ್ಯಾನದ ಥಾಮಸ್ ವ್ಹೀಲರ್ ಶಿಷ್ಯರನ್ನು ಊರಾಚೆಗೆ ಕರೆದೊಯ್ದು ಗಿಡ ಗುರುತಿಸುವುದನ್ನು ಕಲಿಸುತ್ತಿದ್ದ. ಆ ತಂಡದಲ್ಲಿ ವಾರ್ಡ್ ಕೂಡ ಇದ್ದ. ಮುಂದೆ ರೋಗಿಗಳು ಬಾಗಿಲು ತಟ್ಟುವ ಮೊದಲೇ, ನಸುಕಿನಲ್ಲಿ ಎದ್ದು ಗಿಡ ಹುಡುಕಲು ಹೋಗುವುದು ಆತನ ರೂಢಿಯಾಯಿತು. ಒಣಗಿಸಿ ಜೋಡಿಸಿದ ಸಸ್ಯಗಳ ಸಂಗ್ರಹ ಕ್ರಮೇಣ 25,000 ಮಾದರಿಗಳಷ್ಟು ಬೆಳೆಯಿತು.

ಒಣಗಿದ ಗಿಡಗಳಿಗೇನೋ ಮನೆಯಲ್ಲಿ ಜಾಗವಿತ್ತು. ಜೀವಂತ ಗಿಡಗಳಿಗೆ ಆ ಬಡಾವಣೆಯಲ್ಲಿ ಉಳಿಗಾಲವಿರಲಿಲ್ಲ. ಹಡಗುಕಟ್ಟೆಗಳು, ಕಾರ್ಖಾನೆಗಳು, ಸಾವಿರಾರು ಮನೆಗಳ ಕಲ್ಲಿದ್ದಲು ಒಲೆಗಳು ಸೇರಿ ಉಗುಳುತ್ತಿದ್ದ ಹೊಗೆ ಎಲೆಗಳ ಮೇಲೆ ಮಸಿಯಾಗಿ ಕೂರುತ್ತಿತ್ತು. ವಾರ್ಡ್ ಮನೆಯ ಹಿತ್ತಲಿನಲ್ಲಿ ಕಲ್ಲುಗಳನ್ನು ಪೇರಿಸಿ, ಅವುಗಳ ಸಂದಿನಲ್ಲಿ ಜರೀಗಿಡ ಮತ್ತು ಹಾವಸೆಗಳನ್ನು ನೆಟ್ಟು, ನೀರು ತೊಟ್ಟಿಕ್ಕುವ ವ್ಯವಸ್ಥೆಯನ್ನೂ ಮಾಡಿದ. ಒಂದೊಂದಾಗಿ ಎಲ್ಲವೂ ಸತ್ತವು. ಕೊನೆಗೆ ಆ ಪ್ರಯತ್ನವನ್ನೇ ಕೈಬಿಟ್ಟ.

ಪತಂಗಕ್ಕಾಗಿ ಇಟ್ಟ ಬಾಟಲಿ

ಸೋತ ತೋಟಗಾರನಿಗೆ ಉತ್ತರ ಸಿಕ್ಕಿದ್ದು 1829ರಲ್ಲಿ, ಗಿಡಗಳಿಗೆ ಸಂಬಂಧವೇ ಇಲ್ಲದ ಒಂದು ಪ್ರಯೋಗದಿಂದ. ಸ್ಫಿಂಕ್ಸ್ ಜಾತಿಯ ಪತಂಗವೊಂದು ಕೋಶದಿಂದ ಹೊರಬರುವುದನ್ನು ನೋಡಬೇಕೆಂದು ವಾರ್ಡ್ ಅಗಲ ಬಾಯಿಯ ಗಾಜಿನ ಬಾಟಲಿಯೊಂದರಲ್ಲಿ ತೇವದ ಮಣ್ಣು ಹಾಕಿ, ಅದರಲ್ಲಿ ಕೋಶವನ್ನು ಹುದುಗಿಸಿ, ಮುಚ್ಚಳ ಹಾಕಿದ. ದಿನವೂ ಗಮನಿಸುತ್ತಾ ಹೋದಂತೆ ಒಂದು ಸಂಗತಿ ಕಣ್ಣಿಗೆ ಬಿತ್ತು. ಹಗಲಿನ ಬಿಸಿಗೆ ಮಣ್ಣಿನಿಂದ ಏಳುವ ಆವಿ ಗಾಜಿನ ಒಳಮೈಮೇಲೆ ಹನಿಗಟ್ಟಿ, ಮತ್ತೆ ಮಣ್ಣಿಗೇ ಇಳಿಯುತ್ತಿತ್ತು. ಬಾಟಲಿಯ ತೇವ ಎಂದೂ ಕಡಿಮೆಯಾಗುತ್ತಿರಲಿಲ್ಲ.

ಪತಂಗ ಹೊರಬರಲು ಸುಮಾರು ಒಂದು ವಾರ ಇರುವಾಗ ಮಣ್ಣಿನ ಮೇಲೆ ಎರಡು ಮೊಳಕೆಗಳು ತಲೆಯೆತ್ತಿದವು. ಒಂದು ಜರೀಗಿಡ, ಇನ್ನೊಂದು ಸಾಧಾರಣ ಹುಲ್ಲು. ಹಿತ್ತಲಿನಲ್ಲಿ ವರ್ಷಗಟ್ಟಲೆ ಆರೈಕೆ ಮಾಡಿದರೂ ಬದುಕದ ಜರೀಗಿಡ, ಯಾರೂ ನೆಡದೆ, ಯಾರೂ ನೀರೆರೆಯದೆ ಬಾಟಲಿಯೊಳಗೆ ಹಸಿರಾಗಿ ನಿಂತಿತ್ತು.

ವಾರ್ಡ್ ಪತಂಗವನ್ನು ಮರೆತ. ಬಾಟಲಿಯನ್ನು ಉತ್ತರ ದಿಕ್ಕಿನ ಕಿಟಕಿಯ ಹೊರಗೆ ಇರಿಸಿ ಕಾದ. ಆ ಎರಡು ಗಿಡಗಳು ಹೆಚ್ಚುಕಡಿಮೆ ನಾಲ್ಕು ವರ್ಷ ಬದುಕಿದವು. ಆ ಅವಧಿಯಲ್ಲಿ ಒಂದು ಹನಿ ನೀರನ್ನೂ ಹಾಕಲಿಲ್ಲ. ಹುಲ್ಲು ಒಮ್ಮೆ ಹೂವನ್ನೂ ಬಿಟ್ಟಿತು. ಕೊನೆಗೆ ಅವು ಸತ್ತದ್ದು ಆತ ಊರಲ್ಲಿಲ್ಲದಾಗ. ತುಕ್ಕು ಹಿಡಿದ ಮುಚ್ಚಳದ ಮೂಲಕ ಮಳೆನೀರು ಒಳನುಗ್ಗಿತ್ತು.

ಈ ಬಾಟಲಿ ಕಲಿಸಿದ ಪಾಠ ಸರಳವಾಗಿತ್ತು. ಗಿಡ ಸಾಯುತ್ತಿದ್ದುದು ನಗರದಲ್ಲಿರುವ ಕಾರಣಕ್ಕಲ್ಲ, ನಗರದ ಮಸಿ ಮತ್ತು ಒಣಗಾಳಿಯ ಕಾರಣಕ್ಕೆ. ಬೆಳಕನ್ನು ಒಳಬಿಟ್ಟು ಹೊಗೆಯನ್ನು ಹೊರಗಿಟ್ಟು, ತೇವವನ್ನು ಹಿಡಿದಿಟ್ಟುಕೊಂಡರೆ ಗಿಡ ತನ್ನ ಹವಾಮಾನವನ್ನು ತಾನೇ ನಡೆಸಿಕೊಳ್ಳುತ್ತದೆ. ಬೇರು ಹೀರಿದ ನೀರು ಎಲೆಯಿಂದ ಆವಿಯಾಗುತ್ತದೆ, ಗಾಜಿಗೆ ತಾಕಿ ತಣಿದು ಹನಿಯಾಗುತ್ತದೆ, ಮರಳಿ ಬೇರಿಗೆ ಸೇರುತ್ತದೆ. ಹಗಲು ಬೆಳಕಿನಲ್ಲಿ ಎಲೆ ಇಂಗಾಲದ ಡೈಆಕ್ಸೈಡನ್ನು ಬಳಸಿ ಆಮ್ಲಜನಕವನ್ನು ಬಿಡುತ್ತದೆ. ಉಸಿರಾಟದಲ್ಲಿ ಇದರ ವಿರುದ್ಧ ಕ್ರಿಯೆ ನಡೆಯುತ್ತದೆ. ಪೆಟ್ಟಿಗೆ ಸಂಪೂರ್ಣ ಗಾಳಿಬಿಗಿಯಾಗಿರಬೇಕು ಎಂದು ಹಲವರು ತಪ್ಪು ತಿಳಿದರು. ವಾರ್ಡ್ ಹಾಗೆ ಹೇಳಿರಲಿಲ್ಲ. ಬಿಸಿಗೆ ಹಿಗ್ಗುವ, ತಣ್ಣಗಾದಾಗ ಕುಗ್ಗುವ ಗಾಳಿ ಸಣ್ಣ ಸಂದುಗಳ ಮೂಲಕ ಒಳಹೊರಗೆ ಓಡಾಡುತ್ತಲೇ ಇರುತ್ತದೆ ಎಂಬುದು ಆತನಿಗೆ ತಿಳಿದಿತ್ತು. ಗಾಜಿನ ಕೀಲುಗಳು ಒತ್ತಾಗಿ ಕೂಡಿದ್ದರೆ ಸಾಕಿತ್ತು.

ವೆಲ್‌ಕ್ಲೋಸ್ ಚೌಕದ ಮನೆ ಸ್ವಲ್ಪವೇ ಕಾಲದಲ್ಲಿ ಗಾಜಿನ ಪೆಟ್ಟಿಗೆಗಳಿಂದ ತುಂಬಿತು. ಕಿಟಕಿಯ ಹೊರಗೆ ಸುಮಾರು ಎಂಟು ಅಡಿ ಚದರದ ಗಾಜಿನ ಕೋಣೆಯೊಂದನ್ನು ಕಟ್ಟಿ, ಅದರೊಳಗೆ ಟಿಂಟರ್ನ್ ಮಠದ ಪಾಳುಕಿಟಕಿಯ ಸಣ್ಣ ಪ್ರತಿಕೃತಿ ನಿಲ್ಲಿಸಿ, ಸುತ್ತ ಜರೀಗಿಡಗಳನ್ನು ನೆಟ್ಟ. 1834ರಲ್ಲಿ ಇದನ್ನು ನೋಡಲು ಬಂದ ತೋಟಗಾರಿಕೆ ಪತ್ರಿಕೆಯ ಸಂಪಾದಕ ಜೆ.ಸಿ. ಲೌಡನ್ ಬೆರಗಾಗಿ ತನ್ನ ಓದುಗರಿಗೆ ವಿವರವಾಗಿ ಬರೆದ. 1838ರಲ್ಲಿ ಮೈಕೆಲ್ ಫ್ಯಾರಡೆ ರಾಯಲ್ ಇನ್‌ಸ್ಟಿಟ್ಯೂಷನ್‌ನಲ್ಲಿ ಈ ಪೆಟ್ಟಿಗೆಗಳ ಕುರಿತು ಉಪನ್ಯಾಸ ನೀಡಿದ.

ಸಾವಿರಕ್ಕೆ ಒಂದು

ಇದೇ ಕಾಲದಲ್ಲಿ ಯುರೋಪಿನ ಸಸ್ಯೋದ್ಯಾನಗಳನ್ನು ಇನ್ನೊಂದು ಸಮಸ್ಯೆ ಬಾಧಿಸುತ್ತಿತ್ತು. ದೂರದ ದೇಶಗಳಿಂದ ಹಡಗಿನಲ್ಲಿ ತರುವ ಜೀವಂತ ಗಿಡಗಳು ದಾರಿಯಲ್ಲೇ ಸಾಯುತ್ತಿದ್ದವು. ಹಡಗಿನ ಒಡಲಿನಲ್ಲಿಟ್ಟರೆ ಕತ್ತಲು, ಮೇಲಿನ ಅಟ್ಟದಲ್ಲಿಟ್ಟರೆ ಉಪ್ಪುನೀರಿನ ತುಂತುರು. ಕುಡಿಯುವ ನೀರಿಗೇ ಅಳತೆಯಿದ್ದ ಹಡಗಿನಲ್ಲಿ ಗಿಡಕ್ಕೆ ನೀರು ಹಾಕುವವರಾರು? ಮಕಾವ್‌ನಲ್ಲಿದ್ದ ವೈದ್ಯ ಜಾನ್ ಲಿವಿಂಗ್‌ಸ್ಟನ್ 1819ರಲ್ಲಿ ಮಾಡಿದ ಅಂದಾಜಿನಂತೆ, ಚೀನಾದಿಂದ ಹೊರಟ ಸಾವಿರ ಗಿಡಗಳಲ್ಲಿ ಇಂಗ್ಲೆಂಡನ್ನು ಜೀವಂತವಾಗಿ ಮುಟ್ಟುತ್ತಿದ್ದದ್ದು ಒಂದು ಮಾತ್ರ.

ತನ್ನ ಪೆಟ್ಟಿಗೆ ಈ ತೊಡಕಿಗೂ ಪರಿಹಾರ ಎಂಬುದು ವಾರ್ಡ್‌ಗೆ ಹೊಳೆಯಿತು. ಹ್ಯಾಕ್ನಿಯಲ್ಲಿ ಹೆಸರಾಂತ ನರ್ಸರಿ ನಡೆಸುತ್ತಿದ್ದ ಜಾರ್ಜ್ ಲಾಡಿಜಸ್ ಆತನಿಗೆ ಜೊತೆಯಾದ. 1833ರ ಜೂನ್‌ನಲ್ಲಿ ಜರೀಗಿಡ, ಹಾವಸೆ, ಹುಲ್ಲುಗಳನ್ನು ತುಂಬಿದ ಎರಡು ಪೆಟ್ಟಿಗೆಗಳು ಕ್ಯಾಪ್ಟನ್ ಚಾರ್ಲ್ಸ್ ಮಲ್ಲಾರ್ಡ್‌ನ ಪರ್ಷಿಯನ್ ಎಂಬ ಹಡಗಿನಲ್ಲಿ ಆಸ್ಟ್ರೇಲಿಯಾದತ್ತ ಹೊರಟವು. ಆ ವರ್ಷದ ಕೊನೆಯ ವೇಳೆಗೆ ಹಡಗು ದಕ್ಷಿಣ ಗೋಳವನ್ನು ಮುಟ್ಟಿದಾಗ ಬೆರಳೆಣಿಕೆಯಷ್ಟು ಬಿಟ್ಟರೆ ಉಳಿದ ಗಿಡಗಳೆಲ್ಲ ಚೆನ್ನಾಗಿದ್ದವು.

ನಿಜವಾದ ಪರೀಕ್ಷೆ ಮರುಪಯಣದ್ದು. 1834ರ ಫೆಬ್ರುವರಿಯಲ್ಲಿ ಸಿಡ್ನಿಯಲ್ಲಿ ಆಸ್ಟ್ರೇಲಿಯಾದ ಗಿಡಗಳನ್ನು ಅದೇ ಪೆಟ್ಟಿಗೆಗಳಿಗೆ ತುಂಬಲಾಯಿತು. ಹೊರಡುವಾಗ ಸೆಖೆ 32ರಿಂದ 38 ಡಿಗ್ರಿ ಸೆಲ್ಸಿಯಸ್. ದಕ್ಷಿಣ ಅಮೆರಿಕದ ತುದಿಯ ಕೇಪ್ ಹಾರ್ನ್ ಸುತ್ತುವಾಗ ಶೂನ್ಯಕ್ಕಿಂತ ಸುಮಾರು ಏಳು ಡಿಗ್ರಿ ಕೆಳಗೆ. ಹಡಗಿನ ಅಟ್ಟದ ಮೇಲೆ ಹಿಮ. ಭೂಮಧ್ಯರೇಖೆ ದಾಟುವಾಗ ಮತ್ತೆ ಸುಮಾರು 49 ಡಿಗ್ರಿ. ಎಂಟು ತಿಂಗಳ ಈ ಪಯಣದಲ್ಲಿ ಯಾರೂ ನೀರು ಹಾಕಲಿಲ್ಲ. ನವೆಂಬರ್‌ನಲ್ಲಿ ಲಂಡನ್ನಿಗೆ ಬಂದ ಹಡಗನ್ನು ವಾರ್ಡ್ ಮತ್ತು ಲಾಡಿಜಸ್ ಹತ್ತಿ ನೋಡಿದಾಗ ಗಿಡಗಳು ನಳನಳಿಸುತ್ತಿದ್ದವು. ಅದುವರೆಗೆ ಇಂಗ್ಲೆಂಡಿಗೆ ಜೀವಂತವಾಗಿ ಬಾರದಿದ್ದ ಒಂದು ಜರೀಗಿಡವೂ ಅವುಗಳಲ್ಲಿತ್ತು. ಜೊತೆಗೆ, ಮಣ್ಣಿನಲ್ಲಿ ಅಡಗಿದ್ದ ಬೀಜಗಳಿಂದ ದಾರಿಯಲ್ಲೇ ಮೊಳೆತ ಕೆಲವು ಸಸಿಗಳೂ ಇದ್ದವು. ಮೊದಲು ಇಪ್ಪತ್ತರಲ್ಲಿ ಹತ್ತೊಂಬತ್ತು ಗಿಡ ಕಳೆದುಕೊಳ್ಳುತ್ತಿದ್ದ ಲಾಡಿಜಸ್‌ಗೆ ಈ ಪೆಟ್ಟಿಗೆ ಬಂದ ಮೇಲೆ ಇಪ್ಪತ್ತರಲ್ಲಿ ಹತ್ತೊಂಬತ್ತು ಉಳಿಯತೊಡಗಿದವು.

1836ರಲ್ಲಿ ವಾರ್ಡ್ ತನ್ನ ಶೋಧನೆಯನ್ನು ಸಸ್ಯವಿಜ್ಞಾನಿ ವಿಲಿಯಂ ಜಾಕ್ಸನ್ ಹೂಕರ್‌ಗೆ ಬರೆದು ತಿಳಿಸಿದ. ಆ ಪತ್ರ ಪ್ರಕಟವಾಗಿ ಎಲ್ಲೆಡೆ ಸುದ್ದಿಯಾಯಿತು. 1842ರಲ್ಲಿ ಗಾಜಿನ ಪೆಟ್ಟಿಗೆಗಳಲ್ಲಿ ಸಸ್ಯ ಬೆಳೆಸುವುದರ ಕುರಿತ ಆತನ ಪುಸ್ತಕ ಹೊರಬಂತು. 1852ರಲ್ಲಿ ಅದರ ಎರಡನೆಯ ಆವೃತ್ತಿ. ಗ್ಲ್ಯಾಸ್ಗೋದ ಸಸ್ಯಪ್ರೇಮಿ ಮ್ಯಾಕೊನೊಚಿ ಎಂಬಾತ 1825ರ ಸುಮಾರಿಗೇ ಇಂಥದೊಂದು ಪೆಟ್ಟಿಗೆ ಮಾಡಿದ್ದ. ಆದರೆ ಆತ ಅದನ್ನು ಪ್ರಕಟಿಸಿದ್ದು ತಡವಾಗಿ. ಹೀಗಾಗಿ ಜಗತ್ತು ಈ ಪೆಟ್ಟಿಗೆಯನ್ನು ವಾರ್ಡಿಯನ್ ಕೇಸ್ ಎಂದೇ ಕರೆಯಿತು. ವಾರ್ಡ್ ಅದಕ್ಕೆ ಹಕ್ಕುಸ್ವಾಮ್ಯ ಪಡೆಯಲಿಲ್ಲ. ಯಾರು ಬೇಕಾದರೂ ಮಾಡಿಕೊಳ್ಳಬಹುದಿತ್ತು, ಎಲ್ಲರೂ ಮಾಡಿಕೊಂಡರು.

ಹೂಜಿಗಳು ಬಂದ ಹಾದಿ

ಈ ಪೆಟ್ಟಿಗೆ ಬಾರದಿದ್ದರೆ ಯುರೋಪಿನವರಿಗೆ ಸುಲಭವಾಗಿ ಸಿಗದಿದ್ದ ಗಿಡಗಳಲ್ಲಿ ಹೂಜಿ ಗಿಡವೂ ಒಂದು. ಅದರ ಪರಿಚಯ ಹಳೆಯದೇ. ಮಡಗಾಸ್ಕರ್‌ನ ಹೂಜಿ ಗಿಡದ ವಿವರಣೆ 1658ರಲ್ಲೇ ಪ್ರಕಟವಾಗಿತ್ತು. 1753ರಲ್ಲಿ ಲಿನೇಯಸ್ ಸಿಂಹಳದ ಪ್ರಭೇದಕ್ಕೆ ನೆಪೆಂಥಿಸ್ ಡಿಸ್ಟಿಲ್ಲಟೋರಿಯ ಎಂಬ ಹೆಸರಿಟ್ಟ. 1789ರಲ್ಲಿ ಜೋಸೆಫ್ ಬ್ಯಾಂಕ್ಸ್ ಒಂದು ಪ್ರಭೇದವನ್ನು ಕ್ಯೂ ಉದ್ಯಾನಕ್ಕೆ ತಂದಿದ್ದ. ಆದರೂ ಅರ್ಧ ಶತಮಾನದವರೆಗೆ ಅದು ಅಪರೂಪದ ವಸ್ತುವಾಗಿಯೇ ಉಳಿಯಿತು. ಎಲೆಯ ತುದಿಯ ಬಳ್ಳಿಯೇ ಉಬ್ಬಿ ಹೂಜಿಯಾಗಲು ಸದಾ ತೇವ ತುಂಬಿದ ಗಾಳಿ ಬೇಕು. ತಿಂಗಳುಗಟ್ಟಲೆ ಉಪ್ಪುಗಾಳಿಯಲ್ಲಿ ಸಾಗಿಬರುವ ಗಿಡಕ್ಕೆ ಅದು ಎಲ್ಲಿ ಸಿಗಬೇಕು?

ವಾರ್ಡ್‌ನ ಪೆಟ್ಟಿಗೆ ಈ ಅಡೆತಡೆಯನ್ನು ನಿವಾರಿಸಿತು. 1845ರಲ್ಲಿ ಕ್ಯಾಪ್ಟನ್ ಬೆಥೂನ್ ಮೂಲಕ ನೆಪೆಂಥಿಸ್ ರಾಫ್ಲೆಸಿಯಾನ ಕ್ಯೂ ಉದ್ಯಾನವನ್ನು ತಲುಪಿತು. ವೀಚ್ ಎಂಬ ಪ್ರಸಿದ್ಧ ನರ್ಸರಿ ಥಾಮಸ್ ಲಾಬ್ ಎಂಬ ಸಸ್ಯ ಸಂಗ್ರಾಹಕನನ್ನು 1843ರಿಂದ ಜಾವಾ, ಸಿಂಗಪುರ, ಬೋರ್ನಿಯೊಗಳಿಗೆ ಕಳುಹಿಸಿತು. ಲಂಡನ್ನಿನ ಚೆಲ್ಸಿಯಲ್ಲಿ ಹೂಜಿ ಗಿಡಗಳಿಗಾಗಿಯೇ ಪ್ರತ್ಯೇಕ ಗಾಜಿನ ಮನೆ ನಿರ್ಮಾಣವಾಯಿತು. ಸಿರಿವಂತರು ಅವುಗಳನ್ನು ಕೊಳ್ಳಲು ಪೈಪೋಟಿಗಿಳಿದರು.

ಗಿಡಗಳು ಕೈಗೆಟುಕಿದ ಮೇಲೆ ಅವುಗಳ ರಹಸ್ಯವೂ ಬಯಲಾಯಿತು. ವಿಲಿಯಂ ಹೂಕರ್‌ನ ಮಗ ಜೋಸೆಫ್ ಡಾಲ್ಟನ್ ಹೂಕರ್ ಮೊಟ್ಟೆಯ ಬಿಳಿಭಾಗ, ಹಸಿಮಾಂಸದ ತುಣುಕುಗಳನ್ನು ಹೂಜಿಯೊಳಗೆ ಹಾಕಿ ಪರೀಕ್ಷಿಸಿ, ಅದರ ದ್ರವ ಅವುಗಳನ್ನು ಜೀರ್ಣಿಸುತ್ತದೆ ಎಂದು 1874ರಲ್ಲಿ ಬೆಲ್‌ಫಾಸ್ಟ್‌ನಲ್ಲಿ ನಡೆದ ವಿಜ್ಞಾನಿಗಳ ಸಭೆಯಲ್ಲಿ ವಿವರಿಸಿದ. ಮರುವರ್ಷ ಚಾರ್ಲ್ಸ್ ಡಾರ್ವಿನ್‌ನ ಕೀಟಾಹಾರಿ ಸಸ್ಯಗಳ ಗ್ರಂಥ ಪ್ರಕಟವಾಯಿತು. ಸಾರವಿಲ್ಲದ ಮಣ್ಣಿನಲ್ಲಿ ಬೆಳೆಯುವ ಈ ಗಿಡ ತನಗೆ ಬೇಕಾದ ಸಾರಜನಕವನ್ನು ಜಾರಿ ಬಿದ್ದ ಇರುವೆ, ನೊಣಗಳಿಂದ ಪಡೆಯುತ್ತದೆ ಎಂಬುದು ಹೀಗೆ ಖಚಿತವಾಯಿತು. ಇದನ್ನು ಕೇಳಲು ವಾರ್ಡ್ ಬದುಕಿರಲಿಲ್ಲ.

ಭಾರತದ ಏಕೈಕ ಹೂಜಿ ಗಿಡಕ್ಕೆ ನೆಪೆಂಥಿಸ್ ಖಾಸಿಯಾನ ಎಂಬ ಹೆಸರು ಕೊಟ್ಟವನೂ ಇದೇ ಜೋಸೆಫ್ ಹೂಕರ್, 1873ರಲ್ಲಿ. ಅದು ಬೆಳೆಯುವುದು ಮೇಘಾಲಯದ ಬೆಟ್ಟಗಳಲ್ಲಿ. ಗಾರೋ ಜನರು ಅದನ್ನು ಮೆಮಾಂಗ್ ಕೊಕ್ಸಿ, ಅಂದರೆ ದೆವ್ವದ ಬುಟ್ಟಿ ಎನ್ನುತ್ತಾರೆ. ಪಶ್ಚಿಮಘಟ್ಟದಲ್ಲಿ ಹೂಜಿ ಗಿಡ ಸಹಜವಾಗಿ ಬೆಳೆಯುವುದಿಲ್ಲ. ಕರ್ನಾಟಕದ ಕೀಟಾಹಾರಿಗಳೆಂದರೆ ಬಂಡೆಗಳ ಮೇಲಿನ ಜೌಗಿನಲ್ಲಿ ಸಿಗುವ ಡ್ರೊಸೆರಾ ಮತ್ತು ಯುಟ್ರಿಕ್ಯುಲೇರಿಯಾಗಳು.

ಸಾಮ್ರಾಜ್ಯದ ಕೈಯಲ್ಲಿ

ಅಲಂಕಾರದ ಗಿಡಗಳ ಹಿಂದೆಯೇ ಹಣದ ಗಿಡಗಳು ಬಂದವು. ಡೆವನ್‌ಶೈರ್ ಡ್ಯೂಕ್‌ನ ತೋಟಗಾರ ಜಾನ್ ಗಿಬ್ಸನ್ 1836ರಲ್ಲಿ ಕಲ್ಕತ್ತಾಗೆ ಬಂದು, ಖಾಸಿ ಬೆಟ್ಟಗಳ ಆರ್ಕಿಡ್‌ಗಳನ್ನೂ ಬರ್ಮಾ ಮೂಲದ ಆಂಹರ್ಸ್ಟಿಯಾ ಮರದ ಸಸಿಯನ್ನೂ ವಾರ್ಡ್ ಪೆಟ್ಟಿಗೆಗಳಲ್ಲಿ ಕೊಂಡೊಯ್ದ. ಅದೇ ಡ್ಯೂಕ್‌ನ ಗಾಜಿನ ಮನೆಯಲ್ಲಿ ಬೆಳೆದ ಕ್ಯಾವೆಂಡಿಷ್ ಬಾಳೆಯ ಕಂದುಗಳು ಧರ್ಮಪ್ರಚಾರಕ ಜಾನ್ ವಿಲಿಯಮ್ಸ್‌ನೊಡನೆ ಸಮೋವಾ ದ್ವೀಪಕ್ಕೆ ಹೋದವು. ಇಂದು ಜಗತ್ತಿನ ಮಾರುಕಟ್ಟೆಯನ್ನು ಆಳುತ್ತಿರುವುದು ಆ ಬಾಳೆಯ ಬಳಗವೇ.

ಈಸ್ಟ್ ಇಂಡಿಯಾ ಕಂಪನಿಗೆ ಬೇಕಾಗಿದ್ದದ್ದು ಚೀನಾದ ಚಹಾ. ರಾಬರ್ಟ್ ಫಾರ್ಚೂನ್ 1848ರಿಂದ 1851ರ ನಡುವೆ ಚೀನೀ ವೇಷ ತೊಟ್ಟು ಒಳನಾಡಿಗೆ ಹೋಗಿ ಗಿಡ, ಬೀಜಗಳನ್ನು ಸಂಗ್ರಹಿಸಿದ. ಬೇಗ ಕೆಡುವ ಚಹಾ ಬೀಜಗಳನ್ನು ಪೆಟ್ಟಿಗೆಯ ಮಣ್ಣಿನಲ್ಲೇ ಬಿತ್ತಿ ಕಳುಹಿಸುವ ಉಪಾಯ ಆತನದು. ಹನ್ನೆರಡು ಸಾವಿರಕ್ಕೂ ಹೆಚ್ಚು ಸಸಿಗಳು ಹೀಗೆ ಹಿಮಾಲಯದ ತಪ್ಪಲನ್ನು ಸೇರಿದವು.

ದಕ್ಷಿಣ ಭಾರತಕ್ಕೆ ಹತ್ತಿರವಾದದ್ದು ಸಿಂಕೋನಾದ ಕಥೆ. ಮಲೇರಿಯಾಕ್ಕೆ ಆಗ ಇದ್ದ ಮದ್ದು ಅದರ ತೊಗಟೆಯ ಕ್ವಿನೈನ್ ಒಂದೇ. 1860ರಲ್ಲಿ ಕ್ಲೆಮೆಂಟ್ಸ್ ಮಾರ್ಕಂ ದಕ್ಷಿಣ ಅಮೆರಿಕದಿಂದ ತಂದ ಸಸಿಗಳಲ್ಲಿ ಬಹುಪಾಲು ಕೆಂಪು ಸಮುದ್ರದ ಬಿಸಿಲಿಗೆ ಬಳಲಿ ಸತ್ತವು. ರಿಚರ್ಡ್ ಸ್ಪ್ರೂಸ್ ಈಕ್ವೆಡಾರ್‌ನಲ್ಲಿ ಸಂಗ್ರಹಿಸಿದ ಸಸಿಗಳನ್ನು ರಾಬರ್ಟ್ ಕ್ರಾಸ್ 1861ರಲ್ಲಿ ಊಟಿಗೆ ತಲುಪಿಸಿದ ಮೇಲಷ್ಟೇ ನೀಲಗಿರಿಯಲ್ಲಿ ಸಿಂಕೋನಾ ತೋಟಗಳು ಎದ್ದವು. ಪೆಟ್ಟಿಗೆ ಮಾಯದಂಡವಾಗಿರಲಿಲ್ಲ. ಅದನ್ನು ಎಲ್ಲಿ ಇಡಬೇಕು, ಯಾವಾಗ ನೆರಳು ಕೊಡಬೇಕು ಎಂಬುದನ್ನು ಅರಿತವರ ಕೈಯಲ್ಲಿ ಮಾತ್ರ ಅದು ಕೆಲಸ ಮಾಡುತ್ತಿತ್ತು.

ರಬ್ಬರ್‌ನದು ಇನ್ನೂ ದೊಡ್ಡ ಅಧ್ಯಾಯ. ಹೆನ್ರಿ ವಿಕಂ 1876ರಲ್ಲಿ ಬ್ರೆಜಿಲ್‌ನಿಂದ ಸುಮಾರು 70 ಸಾವಿರ ಬೀಜಗಳನ್ನು ಕ್ಯೂ ಉದ್ಯಾನಕ್ಕೆ ತಂದ. ಅಲ್ಲಿ ಮೊಳೆತ ಸಸಿಗಳಲ್ಲಿ 1,919ನ್ನು 38 ವಾರ್ಡ್ ಪೆಟ್ಟಿಗೆಗಳಲ್ಲಿ ಸಿಂಹಳಕ್ಕೆ ಕಳುಹಿಸಲಾಯಿತು. ಏಷ್ಯಾದ ರಬ್ಬರ್ ತೋಟಗಳ ಬೇರು ಅಲ್ಲಿದೆ. ಈ ಪ್ರತಿ ಪಯಣದಲ್ಲಿ ಒಂದು ನಾಡಿನ ಸಂಪತ್ತು ಇನ್ನೊಂದು ನಾಡಿನ ಲಾಭವಾಯಿತು. ತೋಟಗಳಲ್ಲಿ ದುಡಿದು ಸವೆದ ಕೂಲಿಗಳಿಗಾಗಲಿ, ಗಿಡವನ್ನು ಕಳೆದುಕೊಂಡ ನೆಲದ ಜನರಿಗಾಗಲಿ ಅದರಲ್ಲಿ ಪಾಲು ಸಿಗಲಿಲ್ಲ.

ಪೆಟ್ಟಿಗೆ ಹೊತ್ತದ್ದು ಗಿಡಗಳನ್ನಷ್ಟೇ ಅಲ್ಲ. ಬೇರಿನ ಮಣ್ಣಿನೊಡನೆ ಹುಳುಗಳು, ಶಿಲೀಂಧ್ರಗಳು, ಕಳೆಬೀಜಗಳು ಖಂಡ ದಾಟಿದವು. ಸಿಡ್ನಿಯಿಂದ ಬಂದ ಮೊದಲ ಪೆಟ್ಟಿಗೆಯ ಮಣ್ಣಿನಲ್ಲಿ ತಾವಾಗಿ ಮೊಳೆತ ಸಸಿಗಳು ಆಗ ಸಂಭ್ರಮದ ವಿಷಯವಾಗಿದ್ದವು. ಮುಂದೆ ಅದೇ ಆತಂಕದ ವಿಷಯವಾಯಿತು. 1912ರಲ್ಲಿ ಅಮೆರಿಕದಲ್ಲಿ, 1914ರಲ್ಲಿ ಭಾರತದಲ್ಲಿ ಸಸ್ಯಗಳ ಆಮದನ್ನು ನಿಯಂತ್ರಿಸುವ ಕಾನೂನುಗಳು ಬಂದವು. ಮಣ್ಣು ತುಂಬಿದ ಪೆಟ್ಟಿಗೆಯ ಕಾಲ ಮುಗಿಯುತ್ತಾ ಬಂತು. ರೋಗ ಹರಡುವ ಭಯದಿಂದ ಎಷ್ಟೋ ಪೆಟ್ಟಿಗೆಗಳನ್ನು ಸುಡಲಾಯಿತು. ಸಾವಿರಾರು ಪೆಟ್ಟಿಗೆಗಳಲ್ಲಿ ಇಂದು ವಸ್ತುಸಂಗ್ರಹಾಲಯಗಳಲ್ಲಿ ಉಳಿದಿರುವುದು ಕೆಲವೇ.

ಬಡವರ ಕಿಟಕಿಗೆಂದು

ವಾರ್ಡ್‌ನ ಪುಸ್ತಕದಲ್ಲಿ ಹಡಗಿನ ಸಾಗಣೆಗೆ ಮೀಸಲಾದದ್ದು ಒಂದು ಅಧ್ಯಾಯ ಮಾತ್ರ. ಇನ್ನೊಂದು ಇಡೀ ಅಧ್ಯಾಯ ಬಡವರ ಸ್ಥಿತಿ ಸುಧಾರಣೆಗೆ ಈ ವಿಧಾನ ಹೇಗೆ ನೆರವಾದೀತು ಎಂಬುದರ ಕುರಿತದ್ದು. ಬೆಳಕಿಲ್ಲದ ಓಣಿಗಳಲ್ಲಿ, ಒಂದೇ ಕೋಣೆಯಲ್ಲಿ ಇಡೀ ಸಂಸಾರ ಕಳೆಯುವವರನ್ನು ದಿನವೂ ನೋಡುತ್ತಿದ್ದ ವೈದ್ಯ ಆತ. ಹಸಿರು ಮತ್ತು ಬೆಳಕು ಮನುಷ್ಯನ ಆರೋಗ್ಯಕ್ಕೂ ಬೇಕು ಎಂಬುದು ಆತನ ದೃಢ ನಂಬಿಕೆಯಾಗಿತ್ತು. ಅಗ್ಗದ ಪೆಟ್ಟಿಗೆಯೊಂದರಲ್ಲಿ ಊರಾಚೆಯ ಕಾಡಿನಿಂದ ಕಿತ್ತುತಂದ ಸಾಮಾನ್ಯ ಗಿಡಗಳನ್ನೇ ನೆಟ್ಟರೂ ಕೂಲಿಕಾರನ ಕಿಟಕಿಗೆ ವಸಂತ ಬರುತ್ತದೆ ಎಂದು ಆತ ವಾದಿಸಿದ. ಶುದ್ಧ ಗಾಳಿಯ ಮುಚ್ಚಿದ ಕೋಣೆಗಳು ಕ್ಷಯದಂಥ ರೋಗಿಗಳಿಗೂ ನೆರವಾದಾವು ಎಂಬವರೆಗೆ ಆತನ ಆಲೋಚನೆ ಸಾಗಿತ್ತು.

ಆದರೆ ಇಂಗ್ಲೆಂಡಿನಲ್ಲಿ ಆಗ ಗಾಜಿಗೆ ಅಬಕಾರಿ ಸುಂಕವಿತ್ತು. ಮನೆಯ ಕಿಟಕಿಗಳಿಗೂ ತೆರಿಗೆಯಿತ್ತು. ಗಾಜಿನ ಸುಂಕ ರದ್ದಾದದ್ದು 1845ರಲ್ಲಿ, ಕಿಟಕಿ ತೆರಿಗೆ ರದ್ದಾದದ್ದು 1851ರಲ್ಲಿ. ಗಾಜು ಅಗ್ಗವಾದಾಗ ಪೆಟ್ಟಿಗೆ ಹೋಗಿ ಕುಳಿತದ್ದು ಕೂಲಿಕಾರನ ಕಿಟಕಿಯಲ್ಲಲ್ಲ, ಮಧ್ಯಮವರ್ಗದ ದಿವಾನಖಾನೆಯಲ್ಲಿ. ಕೆತ್ತನೆಯ ಕಾಲುಗಳು, ಗೋಪುರಗಳನ್ನು ಹೊತ್ತ ಅಲಂಕಾರದ ಪೆಟ್ಟಿಗೆಗಳು ಬಂದವು. ಜರೀಗಿಡದ ಹುಚ್ಚು ಎಷ್ಟು ಹಬ್ಬಿತೆಂದರೆ 1855ರಲ್ಲಿ ಲೇಖಕ ಚಾರ್ಲ್ಸ್ ಕಿಂಗ್ಸ್‌ಲಿ ಅದಕ್ಕೆ ರೋಗದಂಥ ಒಂದು ಹೆಸರನ್ನೇ ಕೊಟ್ಟ. ಕಾಡಿನ ಜರೀಗಿಡಗಳನ್ನು ಕಿತ್ತು ಮಾರುವ ವ್ಯಾಪಾರ ಬೆಳೆದು, ಕೆಲವು ಅಪರೂಪದ ಪ್ರಭೇದಗಳು ತಮ್ಮ ನೆಲೆಯಿಂದಲೇ ಕಣ್ಮರೆಯಾಗುವ ಸ್ಥಿತಿ ಬಂತು.

1851ರ ಲಂಡನ್ ಮಹಾಪ್ರದರ್ಶನದಲ್ಲಿ ವಾರ್ಡ್‌ನ ಪೆಟ್ಟಿಗೆಗಳೂ ಇದ್ದವು. ಆ ಪ್ರದರ್ಶನ ನಡೆದ ಸ್ಫಟಿಕ ಅರಮನೆಯೇ ಒಂದು ಬೃಹತ್ ಗಾಜಿನ ಪೆಟ್ಟಿಗೆಯಂತಿತ್ತು; ಬೆಳೆದುನಿಂತ ಮರಗಳನ್ನು ಅದು ತನ್ನೊಳಗೇ ಇರಿಸಿಕೊಂಡಿತ್ತು. ಬೆಂಗಳೂರಿನ ಲಾಲ್‌ಬಾಗ್‌ನಲ್ಲಿ 1889ರಲ್ಲಿ ಶಂಕುಸ್ಥಾಪನೆಯಾದ ಗಾಜಿನ ಮನೆಗೆ ಸ್ಫೂರ್ತಿ ಆ ಅರಮನೆಯೇ. ಆ ಕಾಲದಲ್ಲಿ ಲಾಲ್‌ಬಾಗ್ ನೋಡಿಕೊಳ್ಳಲು ಬಂದ ವಿಲಿಯಂ ನ್ಯೂ ಮತ್ತು ಜಾನ್ ಕ್ಯಾಮರಾನ್ ಇಬ್ಬರೂ ಕ್ಯೂ ಉದ್ಯಾನದಲ್ಲಿ ಪಳಗಿದವರು.

ಸದ್ದಿಲ್ಲದ ನಿರ್ಗಮನ

ವಾರ್ಡ್‌ಗೆ ಗೌರವಗಳು ಬಾರದೇ ಇರಲಿಲ್ಲ. 1817ರಲ್ಲೇ ಲಿನಿಯನ್ ಸೊಸೈಟಿಯ ಸದಸ್ಯತ್ವ ಸಿಕ್ಕಿತ್ತು. 1839ರಲ್ಲಿ ಲಂಡನ್ನಿನ ಸೂಕ್ಷ್ಮದರ್ಶಕ ಸಂಘ ಹುಟ್ಟಿದಾಗ ಸ್ಥಾಪಕರ ಸಾಲಿನಲ್ಲಿ ಆತನಿದ್ದ. 1852ರಲ್ಲಿ ರಾಯಲ್ ಸೊಸೈಟಿ ಫೆಲೋ ಆಗಿ ಆರಿಸಿತು. 1854ರಲ್ಲಿ ಔಷಧಗಾರರ ಸಂಘದ ಮುಖ್ಯಸ್ಥನಾದ. ದಕ್ಷಿಣ ಆಫ್ರಿಕಾದ ಹಾವಸೆಯ ಒಂದು ಕುಲಕ್ಕೆ ವಾರ್ಡಿಯಾ ಎಂದು ಹೆಸರಾಯಿತು. ಹಣ ಮಾತ್ರ ಬರಲಿಲ್ಲ. ಆತ ಅದನ್ನು ಬೇಡಿದವನೂ ಅಲ್ಲ.

ವೃತ್ತಿಯಿಂದ ಬಿಡುವು ಪಡೆದು ಕ್ಲಾಪಂ ಬಡಾವಣೆಯ ಮನೆಗೆ ಹೋದ ಮೇಲೂ ಆತನ ಸುತ್ತ ಜರೀಗಿಡಗಳೇ ಇದ್ದವು. ಆತನ ಮಗ ಸ್ಟೀಫನ್ ಕೂಡ ವೈದ್ಯನಾಗಿ, ತಂದೆಯ ಪೆಟ್ಟಿಗೆಗಳ ಕುರಿತು 1854ರಲ್ಲಿ ಉಪನ್ಯಾಸ ನೀಡಿದ್ದ. 1868ರ ಜೂನ್ 4ರಂದು, ಸಸೆಕ್ಸ್ ಕರಾವಳಿಯ ಸೇಂಟ್ ಲೆನಾರ್ಡ್ಸ್‌ನಲ್ಲಿ ವಾರ್ಡ್ ತೀರಿಕೊಂಡ. ಲಂಡನ್ನಿನ ವೆಸ್ಟ್ ನಾರ್ವುಡ್ ಸ್ಮಶಾನದಲ್ಲಿ, ಗುರುತಿನ ಕಲ್ಲಿಲ್ಲದ ಸಮಾಧಿಯಲ್ಲಿ ಆತನನ್ನು ಮಣ್ಣುಮಾಡಲಾಯಿತು.

ಇಂದಿನ ಪಡಸಾಲೆಯ ಪೆಟ್ಟಿಗೆ

ವಾರ್ಡ್ ಕಂಡುಕೊಂಡ ನಿಯಮಗಳು ಇಂದಿಗೂ ಬದಲಾಗಿಲ್ಲ. ಹೂಜಿ ಗಿಡದ ಟೆರೇರಿಯಂ ಕಟ್ಟುವವರು ಅವುಗಳನ್ನೇ ಬೇರೆ ಸಾಮಗ್ರಿಗಳಿಂದ ಪಾಲಿಸುತ್ತಾರೆ. ತಳದಲ್ಲಿ ನೀರು ಬಸಿಯಲು ವಾರ್ಡ್ ಇಟ್ಟಿಗೆ ಚೂರು ಹಾಕುತ್ತಿದ್ದ. ಈಗ ಹಗುರ ಜೇಡಿಗುಂಡುಗಳು ಬಂದಿವೆ. ತೋಟದ ಮಣ್ಣು, ಗೊಬ್ಬರ ಈ ಗಿಡಕ್ಕೆ ಆಗದು. ಸ್ಫ್ಯಾಗ್ನಂ ಹಾವಸೆಗೆ ಪರ್ಲೈಟ್ ಬೆರೆಸಿದ, ಸಾರವಿಲ್ಲದ ಹಗುರ ಮಿಶ್ರಣವೇ ಬೇಕು. ಕೊಳವೆಬಾವಿಯ ಗಡಸು ನೀರಿನ ಲವಣಗಳು ಬೇರನ್ನು ಸುಡುತ್ತವೆ. ಮಳೆನೀರು, ಬಟ್ಟಿ ಇಳಿಸಿದ ನೀರು ಅಥವಾ ಆರ್‌ಓ ನೀರು ಕ್ಷೇಮ. ಮಿಶ್ರಣ ಹಸಿಯಾಗಿರಬೇಕು, ಆದರೆ ನೀರಿನಲ್ಲಿ ನಿಂತಿರಬಾರದು.

ವಾರ್ಡ್‌ನ ಬಾಟಲಿ ಉತ್ತರದ ಕಿಟಕಿಯಲ್ಲಿದ್ದುದಕ್ಕೂ ಅರ್ಥವಿದೆ. ಮುಚ್ಚಿದ ಗಾಜಿಗೆ ನೇರ ಬಿಸಿಲು ಬಿದ್ದರೆ ಕೆಲವೇ ಗಂಟೆಗಳಲ್ಲಿ ಗಿಡ ಬೆಂದುಹೋಗುತ್ತದೆ. ಹಾಗೆಂದು ಮಬ್ಬುಬೆಳಕು ಸಾಲದು. ಎಲೆ ಬಂದರೂ ಹೂಜಿ ಬರುವುದಿಲ್ಲ. ಹೀಗಾಗಿ ದಿನಕ್ಕೆ ಸುಮಾರು 12 ಗಂಟೆ ಎಲ್‌ಇಡಿ ಬೆಳಕು ಕೊಡುವವರೇ ಹೆಚ್ಚು. ಗಾಳಿಯ ತೇವಾಂಶ ಶೇ 70ಕ್ಕಿಂತ ಮೇಲಿದ್ದರೆ ಹೂಜಿಗಳು ಚೆನ್ನಾಗಿ ಬೆಳೆಯುತ್ತವೆ. ಪೂರ್ತಿ ಬಿಗಿದ ಪೆಟ್ಟಿಗೆಯಲ್ಲಿ ಬೂಸ್ಟು ಕಾಣಿಸಿಕೊಳ್ಳುವುದರಿಂದ ಗಾಳಿಯಾಡಲು ಸಣ್ಣ ಸಂದು ಬಿಡಬೇಕು.

ಪ್ರಭೇದದ ಆಯ್ಕೆಯೂ ಮುಖ್ಯ. ತಗ್ಗುಪ್ರದೇಶದ ಆಂಪುಲೇರಿಯಾ, ಬೈಕ್ಯಾಲ್ಕರೇಟಾದಂಥವಕ್ಕೆ ಹಗಲಿರುಳೂ ಬೆಚ್ಚಗಿರಬೇಕು. ಬೋರ್ನಿಯೊದ ಎತ್ತರದ ಬೆಟ್ಟಗಳ ರಾಜಾದಂಥ ಪ್ರಭೇದಗಳಿಗೆ ರಾತ್ರಿಯ ತಂಪು ಕಡ್ಡಾಯ. ಬಿಸಿ ಕೋಣೆಯ ಮುಚ್ಚಿದ ಪೆಟ್ಟಿಗೆಯಲ್ಲಿ ಅವು ಸೊರಗುತ್ತವೆ. ಹೂಜಿಯೊಳಗಿನ ದ್ರವವನ್ನು ಚೆಲ್ಲಬಾರದು. ಮಾಂಸದ ತುಣುಕು ತುರುಕಿದರೆ ಹೂಜಿ ಕೊಳೆಯುತ್ತದೆ. ಅಪರೂಪಕ್ಕೊಂದು ಸಣ್ಣ ಕೀಟ ಸಾಕು. ಬಹುಪಾಲು ಪ್ರಭೇದಗಳು ಬಳ್ಳಿಗಳಾದ್ದರಿಂದ ಕೆಲವು ವರ್ಷಗಳಲ್ಲಿ ಪೆಟ್ಟಿಗೆಯನ್ನು ಮೀರಿ ಬೆಳೆಯುತ್ತವೆ ಎಂಬುದನ್ನೂ ನೆನಪಿಡಬೇಕು.

ಎಲ್ಲಕ್ಕಿಂತ ದೊಡ್ಡ ಪ್ರಶ್ನೆ ಗಿಡ ಎಲ್ಲಿಂದ ಬಂತು ಎಂಬುದು. ನೆಪೆಂಥಿಸ್ ಖಾಸಿಯಾನ ಮತ್ತು ರಾಜಾ ಪ್ರಭೇದಗಳು ಅಳಿವಿನಂಚಿನ ಜೀವಿಗಳ ವ್ಯಾಪಾರ ನಿಯಂತ್ರಿಸುವ ಸೈಟಿಸ್ ಒಪ್ಪಂದದ ಮೊದಲ ಅನುಬಂಧದಲ್ಲಿವೆ. ಉಳಿದ ಹೂಜಿ ಗಿಡಗಳು ಎರಡನೆಯದರಲ್ಲಿವೆ. ಕಾಡಿನಿಂದ ಕಿತ್ತ ಗಿಡ ಅಗ್ಗಕ್ಕೆ ಸಿಕ್ಕರೂ ಅದರ ಬೆಲೆ ತೆರುವುದು ಮೇಘಾಲಯದ ಅಥವಾ ಬೋರ್ನಿಯೊದ ಬೆಟ್ಟ. ಬೀಜದಿಂದ, ತುಂಡಿನಿಂದ ಅಥವಾ ಅಂಗಾಂಶ ಕೃಷಿಯಿಂದ ಬೆಳೆಸಿದ ಸಸಿಗಳು ನರ್ಸರಿಗಳಲ್ಲಿ ಸಿಗುತ್ತಿರುವಾಗ ಕಾಡಿಗೆ ಕೈಹಾಕುವ ಅಗತ್ಯವಿಲ್ಲ.

ಹತ್ತೊಂಬತ್ತನೆಯ ಶತಮಾನದಲ್ಲಿ ಈ ಪೆಟ್ಟಿಗೆ ಕಾಡನ್ನು ಬರಿದು ಮಾಡಲೂ ಬಳಕೆಯಾಯಿತು, ಮಸಿ ಹಿಡಿದ ನಗರಕ್ಕೆ ಒಂದಿಷ್ಟು ಹಸಿರು ತರಲೂ ಬಳಕೆಯಾಯಿತು. ವಾರ್ಡ್ ಬಯಸಿದ್ದು ಎರಡನೆಯದನ್ನು. ಬೆಳಕು ಕಡಿಮೆಯಿರುವ ಬಾಡಿಗೆ ಕೋಣೆಯ ಕಿಟಕಿಯಲ್ಲಿ, ಹಳೆಯ ಉಪ್ಪಿನಕಾಯಿ ಜಾಡಿಯೊಳಗೆ ಯಾರಾದರೂ ಒಂದು ಸಣ್ಣ ಜರೀಗಿಡವನ್ನು ಬೆಳೆಸಿದ್ದರೆ, ಆ ವೈದ್ಯನ ಪುಸ್ತಕದ ಒಂದು ಅಧ್ಯಾಯ ತಡವಾಗಿಯಾದರೂ ನಿಜವಾಗುತ್ತಿದೆ ಎಂದರ್ಥ.